ಡೇಟಾ ಸೈನ್ಸ್ ಪದವಿ: ರ‍್ಯಾಂಕಿಂಗ್ ಪಕ್ಕಕ್ಕಿಡಿ, ಸಿಲೆಬಸ್ ತೆಗೆಯಿರಿ

ಡೇಟಾ ಸೈನ್ಸ್ ಪದವಿಗೆ ಎರಡು ಕಡೆ ಸೀಟು ಸಿಕ್ಕಿದೆ, ಎಲ್ಲಿಗೆ ಸೇರಲಿ ಅಂತ ಕೇಳುವವರು ಸಾಮಾನ್ಯವಾಗಿ ರ‍್ಯಾಂಕಿಂಗ್ ಪಟ್ಟಿ ಹಿಡಿದುಕೊಂಡೇ ಬರುತ್ತಾರೆ. ನಾನು ಸಿಲೆಬಸ್ ಕೇಳುತ್ತೇನೆ. ಜಗತ್ತಿನ ದೊಡ್ಡ ರ‍್ಯಾಂಕಿಂಗ್‌ಗಳಲ್ಲಿ ಸಂಶೋಧನೆಗೆ, ಹೆಸರಿಗೆ ತೂಕ ಜಾಸ್ತಿ. ಮೊದಲ ವರ್ಷದಲ್ಲಿ ಪ್ರಾಬಬಿಲಿಟಿ (ಸಂಭವನೀಯತೆ) ಪಾಠ ಹೇಗೆ ನಡೆಯುತ್ತದೆ ಅನ್ನೋದು ಅಲ್ಲಿ ಕಾಣುವುದಿಲ್ಲ.

ಮೊದಲು ಕೋರ್ಸನ್ನು ಯಾವ ವಿಭಾಗ ನಡೆಸುತ್ತಿದೆ ಅಂತ ನೋಡಿ. ದತ್ತಾಂಶ ವಿಶ್ಲೇಷಣೆಯೇ ಒಂದು ವಿಜ್ಞಾನ ಎಂದು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ವಾದಿಸಿದ್ದು 1962ರಲ್ಲಿ. ಆದರೆ ಪದವಿಯಾಗಿ ಇದು ತೀರಾ ಹೊಸದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಂಥ ದೊಡ್ಡ ವಿಶ್ವವಿದ್ಯಾಲಯದಲ್ಲೂ ಪದವಿಯ ಮುಖ್ಯ ವಿಷಯವಾಗಿ ಇದು ಶುರುವಾದದ್ದು 2018ರಲ್ಲಿ. ಹಾಗಾಗಿ ಎಲ್ಲ ಕಡೆ ಒಂದೇ ಪಾಠ ಇರುತ್ತದೆ ಅಂದುಕೊಳ್ಳಬೇಡಿ. ಸ್ಟ್ಯಾಟಿಸ್ಟಿಕ್ಸ್ ವಿಭಾಗದವರು ನಡೆಸಿದರೆ ಸ್ವಲ್ಪ ಡೇಟಾ ನೋಡಿ ಇಡೀ ಗುಂಪಿನ ಬಗ್ಗೆ ಅಂದಾಜು, ತೀರ್ಮಾನ ಮಾಡುವುದರ ಕಡೆ ಒತ್ತು. ಕಂಪ್ಯೂಟರ್ ಸೈನ್ಸ್‌ನವರಾದರೆ ಅಲ್ಗಾರಿದಂ (ಲೆಕ್ಕ ಬಿಡಿಸುವ ಹಂತಹಂತದ ವಿಧಾನ), ಪ್ರೋಗ್ರಾಮಿಂಗ್ ಕಡೆ. ಮ್ಯಾನೇಜ್‌ಮೆಂಟ್ ವಿಭಾಗದವರಾದರೆ ಎಷ್ಟೋ ಸಲ ವರದಿ, ಡ್ಯಾಶ್‌ಬೋರ್ಡ್ (ಅಂಕಿಅಂಶಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಚಿತ್ರಪಟ) ಮಾಡುವಲ್ಲಿಗೆ ನಿಲ್ಲುತ್ತದೆ. ಯಾವುದೂ ತಪ್ಪಲ್ಲ. ನಿಮಗೆ ಬೇಕಾದ್ದು ಯಾವುದು ಅನ್ನೋದು ಗೊತ್ತಿರಬೇಕು, ಅಷ್ಟೇ.

ಆಮೇಲೆ ಗಣಿತ. ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ (ವೆಕ್ಟರ್, ಮ್ಯಾಟ್ರಿಕ್ಸ್‌ಗಳ ಗಣಿತ), ಪ್ರಾಬಬಿಲಿಟಿ ಕಡ್ಡಾಯವಾಗಿವೆಯೇ? ಡೇಟಾ ನೋಡಿ ಕಂಪ್ಯೂಟರೇ ಕಲಿಯುವ ಮೆಷಿನ್ ಲರ್ನಿಂಗ್ ಪಾಠಕ್ಕಿಂತ ಮೊದಲು ಬರುತ್ತವೆಯೇ? ಎರಡನೇ ಸೆಮಿಸ್ಟರ್‌ನಲ್ಲೇ ಡೀಪ್ ಲರ್ನಿಂಗ್ (ಮೆಷಿನ್ ಲರ್ನಿಂಗ್‌ನ ಮುಂದುವರಿದ ರೂಪ), ಲೀನಿಯರ್ ಆಲ್ಜೀಬ್ರಾ ಮಾತ್ರ ಐಚ್ಛಿಕ ಅಂತಿದ್ದರೆ ನಾನು ಆ ಕಡೆ ತಲೆ ಹಾಕುವುದಿಲ್ಲ. ಅಲ್ಲಿ ಕಲಿಯುವುದು ಬಟನ್ ಒತ್ತುವುದನ್ನು. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ 1973ರಲ್ಲಿ ನಾಲ್ಕು ಪುಟ್ಟ ಡೇಟಾ ಸೆಟ್‌ಗಳನ್ನು ಕೊಟ್ಟರು. ನಾಲ್ಕರದ್ದೂ ಸರಾಸರಿ, ಕೋರಿಲೇಶನ್ (ಎರಡು ಅಳತೆಗಳ ನಡುವಿನ ನಂಟು), ರಿಗ್ರೆಷನ್ ಗೆರೆ (ಚುಕ್ಕೆಗಳಿಗೆ ಚೆನ್ನಾಗಿ ಹೊಂದುವ ನೇರ ಗೆರೆ) ಹೆಚ್ಚೂಕಡಿಮೆ ಒಂದೇ. ಗ್ರಾಫ್ ಬರೆದು ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ! ಒಂದರಲ್ಲಿ ಬಾಗಿದ ಗೆರೆ, ಇನ್ನೊಂದರಲ್ಲಿ ಒಂದೇ ಒಂದು ಚುಕ್ಕೆ ಇಡೀ ಲೆಕ್ಕವನ್ನು ತನ್ನ ಕಡೆ ಎಳೆದಿದೆ. ಸಾಫ್ಟ್‌ವೇರ್ ಕೊಟ್ಟ ಉತ್ತರವನ್ನು ಹೀಗೆ ಅನುಮಾನದಿಂದ ನೋಡಲು ಕಲಿಸುವ ಕೋರ್ಸ್ ಬೇಕು.

ಕರಪತ್ರದಲ್ಲಿ ಇಪ್ಪತ್ತು ಟೂಲ್‌ಗಳ ಲೋಗೋ ಹಾಕಿರುತ್ತಾರೆ. ಅದನ್ನು ಸುಮ್ನೆ ದಾಟಿ. ಪೈಥಾನ್ ಅಥವಾ ಆರ್ (R), ಈ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಯಾವುದಾದರೂ ಒಂದನ್ನು ಗಟ್ಟಿಯಾಗಿ ಕಲಿಸಿದರೆ ಸಾಕು. ಜೊತೆಗೆ ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್ ಇರಲೇಬೇಕು. 1970ರ ದಶಕದಲ್ಲಿ ಹುಟ್ಟಿದ ಭಾಷೆ ಅದು, ಇವತ್ತಿಗೂ ಕೆಲಸಕ್ಕೆ ಸೇರಿದ ಮೊದಲ ವಾರವೇ ಬೇಕಾಗುತ್ತದೆ.

ನಾನು ಹೆಚ್ಚು ಹೊತ್ತು ನೋಡುವುದು ಕೊನೆಯ ವರ್ಷದ ಪ್ರಾಜೆಕ್ಟ್‌ಗಳನ್ನು. ಹೊಸಬರನ್ನು ಸಂದರ್ಶನ ಮಾಡುವಾಗ ಟೈಟಾನಿಕ್ ಪ್ರಯಾಣಿಕರ ಪಟ್ಟಿ, ಐರಿಸ್ ಹೂವಿನ ಅಳತೆಗಳು, ಹೀಗೆ ಅಭ್ಯಾಸಕ್ಕೆಂದು ಎಲ್ಲರೂ ಬಳಸುವ ಸಿದ್ಧ ಡೇಟಾಗಳೇ ಮತ್ತೆ ಮತ್ತೆ ಎದುರಾಗುತ್ತವೆ. ಐರಿಸ್ ಡೇಟಾವನ್ನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಬಳಸಿದ್ದು 1936ರಲ್ಲಿ. 150 ಹೂವು, ಮೂರು ಜಾತಿ, ಒಂದೊಂದರಲ್ಲೂ ಸರಿಯಾಗಿ 50. ಕಲಿಯಲು ಚೆಂದ. ಕೆಲಸದಲ್ಲಿ ಅಷ್ಟು ಶುಭ್ರವಾದ ಡೇಟಾ ಯಾರೂ ತಂದುಕೊಡುವುದಿಲ್ಲ. ಒಬ್ಬರ ಹೆಸರೇ ಮೂರು ಥರ ಬರೆದಿರುತ್ತದೆ. ತಾರೀಕು ಬರೆಯುವಾಗ ಕೆಲವು ಸಾಲುಗಳಲ್ಲಿ ದಿನ ಮೊದಲು, ಕೆಲವದರಲ್ಲಿ ತಿಂಗಳು ಮೊದಲು. ಖಾಲಿ ಬಿಟ್ಟ ಕಡೆ ಯಾರೋ ಸೊನ್ನೆ ಹಾಕಿರುತ್ತಾರೆ. ಇದನ್ನೆಲ್ಲ ಬಿಡಿಸುತ್ತಾ ಒದ್ದಾಡಿದ ವಿದ್ಯಾರ್ಥಿ ಎರಡೇ ಮಾತಿನಲ್ಲಿ ಗೊತ್ತಾಗುತ್ತಾನೆ. ಹಾಗಾಗಿ ಹಿಂದಿನ ಬ್ಯಾಚಿನವರ ಪ್ರಾಜೆಕ್ಟ್ ವರದಿಗಳನ್ನು ಕೇಳಿ. ಡೇಟಾ ಎಲ್ಲಿಂದ ತಂದರು ಅಂತ ನೋಡಿ. ತೋರಿಸಲು ಹಿಂಜರಿದರೆ ಅದೂ ಒಂದು ಉತ್ತರವೇ ಅಲ್ವಾ?

ಕೆಲಸದ ವಿಚಾರಕ್ಕೆ ಬಂದರೆ, 'ಅತಿ ಹೆಚ್ಚು ಸಂಬಳ' ಅನ್ನೋದು ಒಬ್ಬರ ಕಥೆ. ಸರಾಸರಿಯನ್ನೂ ಅಂಥ ಒಂದಿಬ್ಬರು ಮೇಲಕ್ಕೆ ಎತ್ತಿಬಿಡುತ್ತಾರೆ. ಮೀಡಿಯನ್ (ಎಲ್ಲರ ಸಂಬಳ ಸಾಲಾಗಿ ಇಟ್ಟಾಗ ನಡುವಿನದ್ದು) ಎಷ್ಟು, ಯಾವ ಹುದ್ದೆ ಅಂತ ಕೇಳಿ. ಡೇಟಾ ಸೈನ್ಸ್ ಕಲಿಸುವ ವಿಭಾಗವೇ ಮೀಡಿಯನ್ ಹೇಳದಿದ್ದರೆ ಏನನ್ನೋಣ!

ಒಂದು ಕಡೆ ಗಟ್ಟಿಯಾದ ಸ್ಟ್ಯಾಟಿಸ್ಟಿಕ್ಸ್ ಪದವಿ, ಇನ್ನೊಂದು ಕಡೆ ತೆಳುವಾದ ಡೇಟಾ ಸೈನ್ಸ್ ಪದವಿ ಇದ್ದರೆ ಸ್ಟ್ಯಾಟಿಸ್ಟಿಕ್ಸ್‌ಗೇ ಸೇರಿ, ಪ್ರೋಗ್ರಾಮಿಂಗನ್ನು ಐಚ್ಛಿಕ ವಿಷಯವಾಗಿ ತಗೊಳ್ಳಿ. ಎಲ್ಲ ನೋಡಿದ ಮೇಲೂ ಎರಡೂ ಸಮ ಅನ್ನಿಸಿದರೆ ಶುಲ್ಕ ಕಡಿಮೆ ಇರುವ ಕಡೆ ಹೋಗಿ. ಉಳಿದ ದುಡ್ಡು ಮುಂದೆ ಸ್ನಾತಕೋತ್ತರ ಪದವಿಗೆ ಆಗುತ್ತದೆ.