ಬ್ಯಾಟರಿ ಹೋಯಿತು, ಗುಂಯ್ ಬಂತು

ವಾಲ್ವ್ (ಗಾಳಿ ತೆಗೆದ ಗಾಜಿನ ಕೊಳವೆ) ಇರುವ ಆಂಪ್ಲಿಫೈಯರ್ ಗುಂಯ್‌ಗುಡತೊಡಗಿದರೆ ಹೆಚ್ಚಿನವರು ಮೊದಲು ವಾಲ್ವನ್ನೇ ಶಂಕಿಸುತ್ತಾರೆ. ದುಬಾರಿ ಬೆಲೆ ಕೊಟ್ಟು ಹೊಸದನ್ನು ತರಿಸಿ ಹಾಕುತ್ತಾರೆ. ಗುಂಯ್ ಹಾಗೆಯೇ ಇರುತ್ತದೆ. ಪಾಪ, ವಾಲ್ವಿನ ತಪ್ಪು ಬಹಳ ಸಲ ಏನೂ ಇರುವುದಿಲ್ಲ.

1920ರ ದಶಕದ ಆರಂಭದ ರೇಡಿಯೊಗಳಿಗೆ ಈ ಕಾಟ ಇರಲಿಲ್ಲ. ವಾಲ್ವಿನೊಳಗೆ ಎಲೆಕ್ಟ್ರಾನ್ ಹೊಮ್ಮಿಸುವ ತಂತಿಯಾದ ಫಿಲಮೆಂಟ್ ಕಾಯಿಸಲು ಒಂದು ಬ್ಯಾಟರಿ, ಆ ಎಲೆಕ್ಟ್ರಾನ್‌ಗಳನ್ನು ಸೆಳೆಯುವ ಪ್ಲೇಟಿಗೆ ಇನ್ನೊಂದು. ಎರಡರದೂ ಏರಿಳಿತವಿಲ್ಲದ ಡಿ.ಸಿ. ಆದರೆ ಆಸಿಡ್ ಬ್ಯಾಟರಿಯನ್ನು ಆಗಾಗ ಚಾರ್ಜ್ ಮಾಡಿಸುವ ರಗಳೆ ಯಾರಿಗೆ ಬೇಕು? ಸೆಟ್ಟನ್ನು ಗೋಡೆಯ ಪ್ಲಗ್ಗಿಗೆ ಜೋಡಿಸಿದ್ದೇ ತಡ, ಎ.ಸಿ.ಯ ಏರಿಳಿತ ಸ್ಪೀಕರಿಗೂ ಬಂತು.

ಇದಕ್ಕೆ ಮದ್ದಾಗಿ ಅಮೆರಿಕದಲ್ಲಿ 1927ರಲ್ಲಿ 226, 227 ಎಂಬ ಎರಡು ವಾಲ್ವ್‌ಗಳು ಬಂದವು. 226ರದು ಒಂದೂವರೆ ವೋಲ್ಟಿನ ದಪ್ಪ ಫಿಲಮೆಂಟ್. ಕರೆಂಟ್ ಏರಿಳಿದರೂ ಬಿಸಿ ಏರಿಳಿಯದಿರಲಿ ಎಂಬ ಲೆಕ್ಕ. ರೇಡಿಯೊ ಅಲೆಯಿಂದ ಧ್ವನಿಯನ್ನು ಬೇರ್ಪಡಿಸುವ ಡಿಟೆಕ್ಟರ್ ಹಂತಕ್ಕೆ ಅದೂ ಸಾಲದೆ 227 ಬೇಕಾಯಿತು. ಅದರಲ್ಲಿ ಎಲೆಕ್ಟ್ರಾನ್ ಹೊಮ್ಮುವುದು ಕಾಯುವ ತಂತಿಯಾದ ಹೀಟರಿನಿಂದಲ್ಲ, ಅದರ ಸುತ್ತ ನಿರೋಧಕ ಪದರದಾಚೆ ಕೂತ ಕ್ಯಾಥೋಡ್ ಕೊಳವೆಯಿಂದ. ಇಂದಿನ ಆಂಪ್ಲಿಫೈಯರ್‌ಗಳ ಇ.ಸಿ.ಸಿ.83 ವಾಲ್ವ್ ಕೂಡ ಇದೇ ದಾರಿಯದು. ಆ ನಿರೋಧಕ ಪದರದಲ್ಲಿ ಕರೆಂಟ್ ಸೋರತೊಡಗಿದರೆ, ಅಥವಾ ಹೀಟರಿಗೆ ಹೋಗುವ ತಂತಿ ಗ್ರಿಡ್ (ವಾಲ್ವಿಗೆ ಧ್ವನಿಸಂಕೇತ ಒಳಬರುವ ತುದಿ) ತಂತಿಯ ಪಕ್ಕದಲ್ಲೇ ಹಾದರೆ, ಹಳೆಯ ಗುಂಯ್ ಮರಳುತ್ತದೆ. ನಮ್ಮ ಕರೆಂಟಿನಲ್ಲಿ ಅದು 50 ಹರ್ಟ್ಜ್.

ಪ್ಲೇಟಿನ ಬ್ಯಾಟರಿಯ ಜಾಗಕ್ಕೆ ಎ.ಸಿ.ಯನ್ನು ಡಿ.ಸಿ. ಮಾಡುವ ರೆಕ್ಟಿಫೈಯರ್ ಮತ್ತು ಚಾರ್ಜ್ ಹಿಡಿದಿಡುವ ದೊಡ್ಡ ಕಂಡೆನ್ಸರ್‌ಗಳು ಬಂದವು. ಎ.ಸಿ. ಅಲೆಯ ಎರಡೂ ಅರ್ಧಗಳನ್ನು ಬಳಸುವ ಪೂರ್ಣ ಅಲೆಯ ರೆಕ್ಟಿಫೈಯರಿನ ಏರಿಳಿತ 100 ಹರ್ಟ್ಜ್. ಅದನ್ನು ಸಮ ಮಾಡುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ವರ್ಷಗಳು ಕಳೆದಂತೆ ಒಳಗೇ ಒಣಗುತ್ತದೆ, ಆಗ ಆ ಏರಿಳಿತ ಗುಂಯ್ ಆಗಿ ಕೇಳುತ್ತದೆ. ಬೆಂಗಳೂರಿನ ಬಿ.ಇ.ಎಲ್. 1961ರಲ್ಲಿ ರೇಡಿಯೊ ವಾಲ್ವ್ ತಯಾರಿಕೆಗೆ ಇಳಿಯಿತು. ಆ ಕಾಲದ ವಾಲ್ವ್ ಇನ್ನೂ ಚೆನ್ನಾಗಿ ದುಡಿಯುತ್ತಿರಬಹುದು, ಆದರೆ ಅದೇ ವಯಸ್ಸಿನ ಕಂಡೆನ್ಸರನ್ನು ನಾನಂತೂ ನಂಬುವುದಿಲ್ಲ.

ಸಂಗೀತ ಕೇಳಿದ ಕಿವಿಗೆ ಈ ಎರಡು ಗುಂಯ್‌ಗಳ ಅಂತರ ಗೊತ್ತಾಗುತ್ತದೆ: ಮಂದ್ರ ಷಡ್ಜಕ್ಕೂ ಮಧ್ಯ ಷಡ್ಜಕ್ಕೂ ಇರುವಷ್ಟೇ. ಮೇಲಿನದಾದರೆ ಕಂಡೆನ್ಸರ್ ಕಡೆ ನೋಡಬೇಕು. ಕೆಳಗಿನದಾದರೆ ಹೀಟರ್, ಇಲ್ಲವೇ ಎರಡು ಉಪಕರಣಗಳು ಎರಡು ಕಡೆ ಅರ್ಥ್ (ನೆಲದ ಸಂಪರ್ಕ) ಆಗಿ ಉಂಟಾದ ಕರೆಂಟಿನ ಸುತ್ತು. ವಾಲ್ಯೂಮನ್ನು ಪೂರ್ತಿ ಇಳಿಸಿದಾಗ ಗುಂಯ್ ನಿಂತರೆ ಅದು ವಾಲ್ಯೂಮ್ ಕಂಟ್ರೋಲಿಗೆ ಮುಂಚೆಯೇ, ಕೇಬಲ್ಲಿನಲ್ಲೋ ಮೊದಲ ವಾಲ್ವಿನಲ್ಲೋ ಸೇರಿಕೊಂಡಿದೆ. ನಿಲ್ಲದಿದ್ದರೆ ಅದರಾಚೆ, ಹೆಚ್ಚಾಗಿ ಪವರ್ ಸಪ್ಲೈಯಲ್ಲಿ. ಒಳಗೆ ಕೈ ಹಾಕುವ ಮುನ್ನ ಪ್ಲಗ್ ಕಿತ್ತರಷ್ಟೇ ಸಾಲದು: ಕಂಡೆನ್ಸರ್ 300 ವೋಲ್ಟಿಗೂ ಹೆಚ್ಚನ್ನು ಹಿಡಿದಿಟ್ಟುಕೊಂಡಿರಬಹುದು. ಅದನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ನೋಡಿಯೇ ಮುಟ್ಟಬೇಕು.

ಚಟಪಟ ಸದ್ದಾದರೆ ಪ್ಲೇಟಿನ ಹಳೆಯ ಕಾರ್ಬನ್ ರೆಸಿಸ್ಟರನ್ನು ಬದಲಿಸಿ ನೋಡಬಹುದು. ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆಯಂತೆ ಮೊಳಗಿದರೆ, ಇಲ್ಲವೇ ವಾಲ್ವಿನೊಳಗಿನ ನಿರೋಧಕ ಪದರವೇ ಸೋರುತ್ತಿದ್ದರೆ, ವಾಲ್ವಿನದೇ ದೋಷ. ಆಗ ಹೊಸದಕ್ಕೆ ದುಡ್ಡು ಕೊಡಬಹುದು.