ಕರಗದ ದರಗು: ಅಕೇಶಿಯಾ ಜಗಳದ ಕೆಳಗಿನ ಮಣ್ಣು

ಮಲೆನಾಡಿಗೆ ಅಕೇಶಿಯಾ ಬೇಕೋ ಬೇಡವೋ ಅನ್ನುವ ಜಗಳಕ್ಕೆ ನಲವತ್ತು ವರ್ಷವಾಯಿತು. ಗುತ್ತಿಗೆ, ಕಾರ್ಖಾನೆ, ಅಂತರ್ಜಲ ಎಲ್ಲ ಒಂದರೊಳಗೊಂದು ಸೇರಿ ಈಗ ಬುಡ ತುದಿ ಗೊತ್ತಾಗುವುದಿಲ್ಲ. ನನ್ನ ಕೇಳಿದರೆ ಮಣ್ಣಿನಿಂದಲೇ ಶುರು ಮಾಡಬೇಕು.

ಬ್ರಿಟಿಷರ ಕಾಲದಲ್ಲಿ ತೇಗ ಬಂತು. ಆಮೇಲೆ ನೀಲಗಿರಿ. ಜಾಸ್ತಿ ಮಳೆ ಬೀಳುವ ಕಡೆ ನೀಲಗಿರಿಗೆ ಶಿಲೀಂಧ್ರ ರೋಗ ತಗುಲಿ ಸೋತಿತು. ಆ ಜಾಗಕ್ಕೆ ಅಕೇಶಿಯಾ ಬಂತು. 1980ರಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗೆ ಸುಮಾರು 30,000 ಹೆಕ್ಟೇರ್ ಜಾಗ 40 ವರ್ಷದ ಗುತ್ತಿಗೆಗೆ ಹೋಯಿತು. ಸ್ವಲ್ಪ ವರ್ಷದಲ್ಲೇ ಊರೊಟ್ಟಿನ ಜಮೀನಿನಲ್ಲಿ ನೆಡುತೋಪು ಬೆಳೆಸುವ ಇನ್ನೊಂದು ಯೋಜನೆ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಅದೇ 'ಕಿತ್ತಿಕೋ ಹಚ್ಚಿಕೋ' ಚಳವಳಿ.

ಊರೊಟ್ಟಿನ ಆ ಜಮೀನನ್ನು ಸರ್ಕಾರದವರು ಬಂಜರು ಅಂದಿದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದವರು ಅಂಥ ಗುಡ್ಡವನ್ನು ಬಂಜರು ಅನ್ನುವುದಿಲ್ಲ. ಮತ್ತಿ, ಹೊನ್ನೆ, ನಂದಿ, ನೇರಳೆ, ಕೌಲು ಹೀಗೆ ಹತ್ತಾರು ಜಾತಿ ಇರುತ್ತದೆ. ಬೇಸಿಗೆಯಲ್ಲಿ ಗುಡಿಸಿದ ಒಣ ಎಲೆ, ಅಂದರೆ ದರಗು, ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರಗುಂಡಿಗೆ, ಆಮೇಲೆ ಅಡಿಕೆ ಬುಡಕ್ಕೆ. ಗುಡಿಸದೆ ಬಿಟ್ಟದ್ದನ್ನು ಎರೆಹುಳು, ಗೆದ್ದಲು, ಬೂಷ್ಟು ಸೇರಿ ಮಣ್ಣು ಮಾಡುತ್ತವೆ. ನಮ್ಮದು ಜಂಬಿಟ್ಟಿಗೆ ನೆಲ. ಮಳೆಗೆ ಸುಣ್ಣದಂಶ ತೊಳೆದು ಹೋಗಿ ಮೊದಲೇ ಹುಳಿ. ಬೇರು ಆಳದಿಂದ ಎತ್ತಿದ್ದು ಎಲೆಯಾಗಿ ಮೇಲೆ ಉದುರಿದರೆ ಮಾತ್ರ ಸಾರ ಉಳಿಯುತ್ತದೆ. ಮತ್ತಿಯ ತೊಗಟೆಯಲ್ಲಂತೂ ಸುಣ್ಣ ಎಷ್ಟಿದೆ ಅಂದರೆ, ಅದರ ಬೂದಿಯನ್ನೇ ಕೆಲವು ಕಡೆ ಎಲೆಅಡಿಕೆಗೆ ಹಚ್ಚುತ್ತಿದ್ದರು.

ಉತ್ತರಾಖಂಡದವರಿಗೂ ಇಂಥದ್ದೇ ತಕರಾರು ಇದೆ. ಅಲ್ಲಿ ಪೈನ್ ಮತ್ತು ಬಾಂಜ್ ಓಕ್. ಪೈನಿನ ಸೂಜಿ ಎಲೆಯಲ್ಲಿ ಗಿಡಕ್ಕೆ ಗಡಸುತನ ಕೊಡುವ ಲಿಗ್ನಿನ್ ಜಾಸ್ತಿ, ಸುಣ್ಣ ಕಡಿಮೆ. ಬೇಗ ಕೊಳೆಯದೆ ಚಾಪೆ ಹಾಸಿದ ಹಾಗೆ ಕೂರುತ್ತದೆ, ಬೇಸಿಗೆಯಲ್ಲಿ ಹೊತ್ತಿಕೊಳ್ಳುತ್ತದೆ. ಓಕ್ ಕಾಡಿನ ನೆಲ ಮೆತ್ತಗೆ, ತೇವ.

ಅಕೇಶಿಯಾ ಪೈನ್ ಜಾತಿಯದ್ದಲ್ಲ. ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿದಿಡುತ್ತದೆ. ಬೋಳು ಗುಡ್ಡದಲ್ಲೂ ಬದುಕುವುದು ಅದಕ್ಕೇ, ಈ ಗುಣವನ್ನು ಒಪ್ಪಲೇಬೇಕು. ಆದರೆ ನಾವು ಎಲೆ ಅನ್ನುವುದು ನಿಜಕ್ಕೂ ಚಪ್ಪಟೆಯಾದ ತೊಟ್ಟು. ಗಟ್ಟಿ, ನಿಧಾನಕ್ಕೆ ಕರಗುತ್ತದೆ. ಅತಿಯಾದ ಸಾರಜನಕ ನೈಟ್ರೇಟ್ ಆಗಿ ಮಳೆಯಲ್ಲಿ ಹರಿಯುವಾಗ ಸುಣ್ಣವನ್ನೂ ಎಳೆದೊಯ್ಯುತ್ತದೆ. ಹುಳಿ ನೆಲ ಇನ್ನೂ ಹುಳಿಯಾಗುತ್ತದೆ. ಎಂಟು ಹತ್ತು ವರ್ಷಕ್ಕೊಮ್ಮೆ ಕಡಿದು ಲಾರಿಗೆ ತುಂಬಿದರೆ ನೆಲಕ್ಕೆ ಏನು ಉಳಿಯಿತು ಹೇಳಿ?

ಭದ್ರಾವತಿಯ ಕಾರ್ಖಾನೆ 2015ರ ಹೊತ್ತಿಗೆ ನಿಂತಿತು. 2020ರಲ್ಲಿ ಗುತ್ತಿಗೆ ಮುಗಿದಾಗ ಅದನ್ನು ಮತ್ತೆ 40 ವರ್ಷ ಮುಂದುವರಿಸುವ ತೀರ್ಮಾನ ಬಂತು. 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಅಂತ ಜನ ಬೀದಿಗಿಳಿದರು.

ಕಾನಿನ, ಅಂದರೆ ದಟ್ಟ ಕಾಡಿನ, ಅಂಚಿನ ಹಳೆಯ ಅಕೇಶಿಯಾ ತೋಪಿನೊಳಗೆ ಒಮ್ಮೆ ಬಗ್ಗಿ ನೋಡಿ. ಹಕ್ಕಿ, ಬಾವಲಿ ಬೀಳಿಸಿದ ಬೀಜದಿಂದ ನೇರಳೆ ಸಸಿ ಮೊಳಕಾಲೆತ್ತರ ಬಂದಿರುತ್ತವೆ. ಕಡಿತದ ದಿನ ಮರ ಬೀಳುವುದು ಅವುಗಳ ಮೇಲೆಯೇ. ಅವನ್ನು ಉಳಿಸಿಕೊಂಡು ಕಡಿಯಲಿ, ಮತ್ತೆ ಅಕೇಶಿಯಾ ನೆಡುವ ಮೊದಲು ನಾಲ್ಕು ಮಳೆಗಾಲ ಆ ನೆಲವನ್ನು ಸುಮ್ನೆ ಬಿಡಲಿ.