ಸಂತರ ಅವಶೇಷವನ್ನು ಮುಟ್ಟಲೇಬೇಕಾ?

ಪ್ರಶ್ನೆ: ನಮ್ಮ ಚರ್ಚಿಗೆ ಸಂತರೊಬ್ಬರ ಪವಿತ್ರ ಅವಶೇಷ, ಅಂದರೆ ಅವರ ಎಲುಬಿನ ಚೂರು, ತರುತ್ತಿದ್ದಾರೆ. ಜನಸಂದಣಿಯಲ್ಲಿ ಮುಟ್ಟಲು ಆಗದಿದ್ದರೆ ಆಶೀರ್ವಾದ ಸಿಗುವುದಿಲ್ಲವಾ?

ಸಿಗುತ್ತದೆ. ತಲೆ ಬಾಗಿ ನಮಸ್ಕರಿಸಿ, ಅವಶೇಷವಿರುವ ಪೆಟ್ಟಿಗೆಯ ಗಾಜಿನ ಮೇಲೆ ಕೈ ಇಡಿ, ಇಲ್ಲವೇ ಹಿಂದಿನ ಬೆಂಚಿನಲ್ಲೇ ಕೂತು ಪ್ರಾರ್ಥಿಸಿ. ಎಲ್ಲವೂ ಸರಿ.

ಇಷ್ಟು ಹೇಳಿದರೂ ಮತ್ತೆ ಮತ್ತೆ ಇದೇ ಪ್ರಶ್ನೆ ಬರುತ್ತದೆ. ಕಾರಣ, ಎಲುಬಿನ ಚೂರಿನಲ್ಲೇ ಶಕ್ತಿ ಇದೆ, ಮುಟ್ಟಿದವರಿಗೆ ಮಾತ್ರ ಅದು ದಾಟುತ್ತದೆ ಎಂಬ ನಂಬಿಕೆ. ಕಥೋಲಿಕ ಧರ್ಮಸಭೆ ಹಾಗೆ ಕಲಿಸುವುದೇ ಇಲ್ಲ.

ರಕ್ತಸ್ರಾವದ ಹೆಂಗಸು ಯೇಸುವಿನ ಬಟ್ಟೆ ಮುಟ್ಟಿ ಗುಣವಾದಳಲ್ಲ ಎನ್ನುತ್ತೀರಿ. ಬೈಬಲಿನಲ್ಲಿ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯವನ್ನು ದಯವಿಟ್ಟು ನಿಧಾನವಾಗಿ ಓದಿ. ಆಗ ಇಡೀ ಗುಂಪು ಯೇಸುವಿನ ಮೈಮೇಲೆ ಬೀಳುತ್ತಿತ್ತು. ಎಷ್ಟೋ ಕೈಗಳು ತಗುಲಿರುತ್ತವೆ, ಅಲ್ವಾ? ಆದರೂ ಯೇಸು ಅವಳೊಬ್ಬಳಿಗೇ ಹೇಳಿದ್ದು, ನಿನ್ನ ವಿಶ್ವಾಸ ನಿನ್ನನ್ನು ಗುಣಪಡಿಸಿತು ಎಂದು. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನಂತೂ ಅವರಿಗೆ ಮುತ್ತನ್ನೇ ಇಟ್ಟ. ಅವನಿಗೆ ಏನು ಸಿಕ್ಕಿತು?

ಪ್ರೇಷಿತ ಪೌಲನ ಮೈ ಸೋಕಿದ ಬಟ್ಟೆಯಿಂದ ರೋಗಿಗಳು ಗುಣವಾದ ಕಥೆ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 19ನೇ ಅಧ್ಯಾಯದಲ್ಲಿದೆ. ಅಲ್ಲೂ ಅದ್ಭುತ ಮಾಡಿದವರು ದೇವರು ಎಂದೇ ಬರೆದಿದೆ. ಹಳೆ ಒಡಂಬಡಿಕೆಯಲ್ಲಿ ಪ್ರವಾದಿ ಎಲೀಷನ ಎಲುಬು ತಗುಲಿ ಹೆಣ ಎದ್ದು ನಿಂತದ್ದೂ ನಿಜ. ಆ ಸತ್ತವನು ಸಾಲಿನಲ್ಲಿ ನಿಂತು ಮುಟ್ಟಿದ್ದನೇ? ದೇವರು ಬಯಸಿದರು, ಆಯಿತು.

ಹಾಗಾದರೆ ಅವಶೇಷಕ್ಕೆ ಇಷ್ಟು ಗೌರವ ಯಾಕೆ? ಸಂತರ ಆ ದೇಹ ಪವಿತ್ರಾತ್ಮರ ಆಲಯವಾಗಿತ್ತು, ಮುಂದೆ ಪುನರುತ್ಥಾನ ಹೊಂದಲಿದೆ. 1563ರಲ್ಲಿ ಧರ್ಮಸಭೆಯ ಬಿಷಪರು ಸೇರಿದ್ದ ಟ್ರೆಂಟ್ ಮಹಾಸಭೆ ಕೊಟ್ಟ ಕಾರಣ ಇದೇ. ಎಷ್ಟು ಸುಂದರವಾದ ಕಾರಣ! ಗೌರವ ಸಂತರಿಗೆ, ಆರಾಧನೆ ದೇವರಿಗೆ ಮಾತ್ರ.

ಒಂದು ವಿಷಯ ನನಗೆ ನಿಜಕ್ಕೂ ನೋವು ಕೊಡುತ್ತದೆ. ಅವಶೇಷ ಬಂದ ದಿನ ಜನ ಪರಮಪ್ರಸಾದದ, ಅಂದರೆ ಯೇಸುವಿನ ದೇಹವೆಂದು ನಾವು ನಂಬುವ ರೊಟ್ಟಿಯ, ಪೆಟ್ಟಿಗೆಯ ಮುಂದೆ ಮೊಣಕಾಲೂರದೆ ನೇರ ಸಾಲಿಗೆ ಓಡುತ್ತಾರೆ. ಅಲ್ಲಿರುವುದು ಸ್ವತಃ ಯೇಸು. ಮೊದಲು ಅಲ್ಲಿ ಮಂಡಿಯೂರಿ, ಆಮೇಲೆ ಸಾಲಿಗೆ ಬನ್ನಿ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಅವಶೇಷಗಳು ಮಾರಾಟಕ್ಕೆ ಕಾಣಿಸುತ್ತವೆ. ಧರ್ಮಸಭೆಯ ಕಾನೂನಿನ 1190ನೇ ನಿಯಮ ಅವುಗಳ ಮಾರಾಟವನ್ನು ಪೂರ್ತಿ ನಿಷೇಧಿಸಿದೆ. ನಿಜವಾದ ಅವಶೇಷವೇ ಇರಲಿ, ಮಾರುವಂತಿಲ್ಲ. ಮನೆಯಲ್ಲಿ ಏನಾದರೂ ಇಟ್ಟುಕೊಳ್ಳಬೇಕು ಎನಿಸಿದರೆ ನಿಮ್ಮ ಜಪಮಾಲೆಯನ್ನು ಅವಶೇಷದ ಪೆಟ್ಟಿಗೆಗೆ ತಾಗಿಸಿಕೊಂಡು ಬನ್ನಿ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.